ಹಾಲು ನೋಡಿ ಎಂದದ್ದಕ್ಕೆ ಉಚ್ಚಾಟನೆಯೇ?

‘ಗೌರವಯುತ ಸಂವಾದ’ದ ಮಾನ್ಯ ನಿರ್ವಾಹಕರೇ,

ನಾಸ್ತಿಕರೂ ಕ್ರೈಸ್ತರೂ ಮರ್ಯಾದೆಯಿಂದ ವಾದ ಮಾಡಲೆಂದು ನೀವು ನಡೆಸುವ ಆನ್‌ಲೈನ್ ಗುಂಪಿನಿಂದ ಕಳೆದ ವಾರ ಇಬ್ಬರನ್ನು ಹೊರಗಟ್ಟಿದ್ದೀರಿ. ಒಬ್ಬ ಪುರಾವೆಪ್ಪ, ನಾಸ್ತಿಕ. ಇನ್ನೊಬ್ಬರು ಸಾಸಿವೆಕಾಳು, ಕ್ರೈಸ್ತೆ. ಗುಂಪಿನಲ್ಲಿ ಪುರಾವೆಪ್ಪ ಎಂದು ಹೆಸರಿಟ್ಟುಕೊಂಡವನು ನಾನು. ಸಾಸಿವೆಕಾಳು ನನ್ನ ಹೆಂಡತಿ. ಇದು ನಿಮಗೆ ಗೊತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ವಿಚಾರಿಸದೆ ತೀರ್ಪು ಕೊಡುವ ಅಧಿಕಾರ ನಿಮಗೆ ಕೊಟ್ಟವರು ಯಾರು? ದೇವರು ಎಂದು ಮಾತ್ರ ಹೇಳಬೇಡಿ, ಅದಕ್ಕೂ ಪುರಾವೆ ಕೇಳಬೇಕಾಗುತ್ತದೆ.

ನಾನು ಲಿಫ್ಟ್ ರಿಪೇರಿ ಮಾಡುವವನು. ಅವಳು ಮನೆಯಲ್ಲೇ ಕಿಟಕಿ ಪರದೆ ಹೊಲಿಯುತ್ತಾಳೆ. ಮದುವೆಯಾದ ಹೊಸತರಲ್ಲಿ ದೇವರ ವಿಷಯಕ್ಕೆ ನಾವು ಎಷ್ಟು ಕಿತ್ತಾಡಿದೆವೆಂದರೆ, ಕೆಳಗಿನ ಮನೆಯವರು ಗಂಟುಮೂಟೆ ಕಟ್ಟಿದರು. ಕೊನೆಗೆ ಅವಳ ಅಣ್ಣ ಇಬ್ಬರನ್ನೂ ಕೂರಿಸಿ, ಮನೆಯೊಳಗೆ ಆ ವಿಷಯ ಎತ್ತಕೂಡದೆಂದು ಮಾತು ತೆಗೆದುಕೊಂಡರು. ನಾವು ಮಾತಿಗೆ ತಪ್ಪಿಲ್ಲ. ಆದರೆ ಹೊಟ್ಟೆಯೊಳಗೆ ಕುದಿಯುವುದು ಎಲ್ಲಿಗೆ ಹೋಗಬೇಕು? ಆಗ ನಿಮ್ಮ ಗುಂಪು ಸಿಕ್ಕಿತು. ನಾನು ಹಜಾರದಲ್ಲಿ, ಅವಳು ಅಡುಗೆಮನೆಯಲ್ಲಿ, ನಡುವೆ ಒಂದು ಗೋಡೆ ಮತ್ತು ನಿಮ್ಮ ನಿಯಮಾವಳಿ. ಮೋಟಾರಿಲ್ಲದೆ ಯಾವುದೂ ಮೇಲಕ್ಕೆ ಹೋಗುವುದಿಲ್ಲವೆಂದು ನಾನು ಬರೆದರೆ, ಲಿಫ್ಟಿನೊಳಗೆ ನಿಂತವರಿಗೂ ಮೋಟಾರು ಕಾಣುವುದಿಲ್ಲ, ಆದರೂ ಹತ್ತುತ್ತಾರಲ್ಲ ಎಂದು ಅವಳು ಬರೆಯುವಳು. ನಾನು ತಲೆ ಕೆರೆದುಕೊಳ್ಳುವಾಗ ಒಳಗಿನಿಂದ ಅವಳ ನಗು ಕೇಳುತ್ತಿತ್ತು. ಅಷ್ಟು ಸುಖವಾಗಿ ನಾವು ಹಿಂದೆಂದೂ ಸಂಸಾರ ಮಾಡಿರಲಿಲ್ಲ ಸ್ವಾಮಿ.

ಅಂದು ವಾದ ಸ್ವರ್ಗದವರೆಗೆ ಬಂದಿತ್ತು. ಅಷ್ಟರಲ್ಲಿ ಅಡುಗೆಮನೆಯಿಂದ ಸೀದ ವಾಸನೆ; ವಾದದ ಭರದಲ್ಲಿ ಅವಳಿಗೆ ಅದು ತಿಳಿದಂತಿರಲಿಲ್ಲ. ಎದುರಾಳಿಯನ್ನು ಬಹುವಚನದಲ್ಲೇ ಕರೆಯಬೇಕೆಂಬ ನಿಮ್ಮ ನಿಯಮವನ್ನು ಅಕ್ಷರಶಃ ಪಾಲಿಸಿ, “ಗೌರವಾನ್ವಿತ ಸಹಸದಸ್ಯೆಯವರೇ, ಒಲೆಯ ಮೇಲಿನ ಹಾಲನ್ನು ಮೊದಲು ಗಮನಿಸಬೇಕಾಗಿ ವಿನಂತಿ” ಎಂದು ಬರೆದೆ. ನಾನೇ ಎದ್ದು ಹೋಗಬಹುದಿತ್ತು ಎನ್ನುತ್ತೀರಿ. ಅವಳೂ ಅದನ್ನೇ ಹೇಳಿದಳು. ಆದರೆ ನೀವು ಕೊಟ್ಟ ಕಾರಣವೇನು? ವಾದದಲ್ಲಿ ಸೋಲುವಾಗ ಹೆಣ್ಣನ್ನು ಒಲೆಯ ಮುಂದಕ್ಕೆ ಅಟ್ಟುವ ನೀಚ ಮನೋಭಾವ! ಸೋಲುತ್ತಿದ್ದೆ, ನಿಜ. ಆದರೆ ಹಾಲೂ ನಿಜವಾಗಿಯೇ ಉಕ್ಕುತ್ತಿತ್ತು.

ಅವಳು ಹಾಲು ಇಳಿಸಿ ಬರೆದಳು: “ಸ್ವರ್ಗ ಇದ್ದು, ನೀವು ಮಾತ್ರ ಅಲ್ಲಿಗೆ ಬರದಿದ್ದರೆ, ನಾನೊಬ್ಬಳೇ ಅಲ್ಲಿ ಏನು ಮಾಡಲಿ?” ಇದು ಮತಾಂತರಕ್ಕೆ ಒತ್ತಡವೆಂದು ಅವಳನ್ನೂ ಹೊರಗೆ ಹಾಕಿದಿರಿ. ಆಹಾ, ಒತ್ತಡವೇ! ನನ್ನ ಪಕ್ಷದವರು ಅವಳಿಗೆ ದಿನವೂ “ತಮ್ಮ ಅಮೂಲ್ಯ ಮೆದುಳನ್ನು ಒಮ್ಮೆಯಾದರೂ ಬಳಸಬೇಕಾಗಿ ಕೋರಿಕೆ” ಎನ್ನುತ್ತಿದ್ದರು. ಅವಳ ಪಕ್ಷದವರು ನನಗೆ “ತಾವು ನರಕಕ್ಕೆ ದಯಮಾಡಿಸುವುದು ಖಚಿತ” ಎನ್ನುತ್ತಿದ್ದರು. ಅವರೆಲ್ಲ ಬಹುವಚನದ ಕೃಪೆಯಿಂದ ಇಂದಿಗೂ ನಿಮ್ಮ ಗುಂಪಿನ ಹಿರಿಯ ಸದಸ್ಯರು.

ಈಗ ನಮ್ಮ ಮನೆಯ ಸ್ಥಿತಿ ಕೇಳಿ. ಅವಳು ಊಟಕ್ಕೆ ಮುಂಚೆ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಾಳೆ, ನಾನು ತಟ್ಟೆ ನೋಡುತ್ತಾ ಕಾಯುತ್ತೇನೆ, ಉಪ್ಪು ಕೊಡಿ ಎಂಬುದನ್ನು ಬಿಟ್ಟರೆ ಮಾತಿಲ್ಲ. ಸ್ವರ್ಗದ ಬಗ್ಗೆ ಅವಳು ಕೇಳಿದ್ದು ನನ್ನ ಎದೆಯಲ್ಲಿ ಕೂತುಬಿಟ್ಟಿದೆ. ಮೊನ್ನೆ ತಡೆಯಲಾರದೆ, ಆ ಪ್ರಶ್ನೆಗೆ ಉತ್ತರ ಹೇಳಲೇ ಎಂದೆ. ಅವಳು ಹೊಲಿಗೆ ಯಂತ್ರ ನಿಲ್ಲಿಸಿದಳು. “ಮನೇಲಿ ಬೇಡ ರೀ, ಮಾತು ಕೊಟ್ಟಿದೀವಿ” ಎಂದಳು. ಆಮೇಲೆ ಬಹಳ ಹೊತ್ತು ಯಂತ್ರ ಶುರುವಾಗಲಿಲ್ಲ. ನನಗೆ ಅಳು ಬಂದಂತಾಯಿತು, ಏಕೆ ಮುಚ್ಚಿಡಲಿ?

ಆದ್ದರಿಂದ ನನ್ನ ಬೇಡಿಕೆ: ನಮ್ಮಿಬ್ಬರನ್ನೂ ಕೂಡಲೇ ಒಳಗೆ ಬಿಡಿ. ಆಗದಿದ್ದರೆ ನನ್ನ ಈ ಉತ್ತರವನ್ನಾದರೂ ಅವಳ ಪ್ರಶ್ನೆಯ ಕೆಳಗೆ ಹಾಕಿ, ಆಮೇಲೆ ಬೇಕಾದರೆ ಶಾಶ್ವತವಾಗಿ ಬಾಗಿಲು ಹಾಕಿಕೊಳ್ಳಿ:

“ಗೌರವಾನ್ವಿತ ಸಹಸದಸ್ಯೆಯವರೇ, ಸ್ವರ್ಗವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದು ವೇಳೆ ಇದ್ದರೆ, ದಯವಿಟ್ಟು ಬಾಗಿಲ ಹತ್ತಿರವೇ ಕೂತಿರಿ. ಒಳಗೆ ಬಿಡಲಿ, ಬಿಡದಿರಲಿ, ನನ್ನದೇ ತಪ್ಪಾಗಿತ್ತು ಎಂದು ಹೇಳಲು ಅಲ್ಲಿಯವರೆಗಂತೂ ಬಂದೇ ಬರುತ್ತೇನೆ.”

ಇಂತಿ,
ಗುಂಪಿನಿಂದ ಹೊರಬಿದ್ದು, ಮನೆಯೊಳಗೆ ಬಾಯಿ ಕಟ್ಟಿಕೊಂಡು ಕೂತಿರುವ
ಪುರಾವೆಪ್ಪ