ಪೆಟ್ಟಿಗೆಯೊಳಗಿನ ಆಟ

ಮಾರ್ಚ್ ೧೧, ಬುಧವಾರ

ನನ್ನ ಮೊಂಡನಿಗೆ,

ಹೇಗಿದ್ದೀಯ? ನಿನ್ನೆ ನಮ್ಮ ಕಚೇರಿಯಿಂದ ಬಂದ ಸುದ್ದಿ ಕೇಳಿ ನಿನ್ನ ಕಾಲು ನೆಲದ ಮೇಲೆ ನಿಂತಿರಲಿಕ್ಕಿಲ್ಲ. ಟಿವಿಗೆ ಜೋಡಿಸಿ ಆಡುವ ನಮ್ಮ ಹೊಸ ಕನ್ಸೋಲಿನ ಜೊತೆ ಒಂದೇ ಪೆಟ್ಟಿಗೆಯಲ್ಲಿ ಮನೆಮನೆಗೆ ಹೋಗುವ ಆಟ ನೀನು ಮಾಡಿದ್ದೇ. ಒಂದೂವರೆ ವರ್ಷದ ಹಿಂದೆ ನಾನು ಸಿಟ್ಟಿನಲ್ಲಿ ಆಟವೋ ನಾನೋ ಎಂದಾಗ ಕಂಪ್ಯೂಟರನ್ನು ಬಗಲಿಗಿಟ್ಟುಕೊಂಡು ಬಾಡಿಗೆ ಕೋಣೆ ಸೇರಿದವನು ನೀನು. ಕೊನೆಗೂ ಗೆದ್ದೆ. ನನಗೆ ಸಂತೋಷವಾಗಿದೆ, ಇದನ್ನು ನಂಬು. ಆದರೆ ಗೆದ್ದದ್ದು ಹೇಗೆಂದು ಬೇರೆಯವರ ಬಾಯಿಂದ ನಿನಗೆ ತಿಳಿಯುವ ಮೊದಲು ನಾನೇ ಹೇಳಬೇಕು. ಕೇಳಿದ ಮೇಲೂ ನನ್ನ ಮುಖ ನೋಡುತ್ತೀಯೋ ಇಲ್ಲವೋ, ಅದೊಂದೇ ಈಗ ನನ್ನ ಭಯ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಜಗಳಕ್ಕೆ ಇಳಿಯುತ್ತೇನೆ. ಅದಕ್ಕೇ ಈ ಪತ್ರ.

ಆರಿಸುವ ಸಮಿತಿಯಲ್ಲಿ ನಾವು ಏಳು ಜನ. ಮೇಲೆ ನಮ್ಮ ವಿಭಾಗದ ಮುಖ್ಯಸ್ಥೆ, ನಾವು ಬೆನ್ನ ಹಿಂದೆ ದೊಡ್ಡಮ್ಮ ಎನ್ನುವವರು. ನಮ್ಮ ಮತಗಳು ಸಮವಾದರೆ ಮಾತ್ರ ಅವರ ಮತ. ನಿನ್ನ ಆಟ, ಅದಕ್ಕೆ ಚಿತ್ರ ಬರೆದ ನಿನ್ನ ಗೆಳೆಯನ ಹೆಸರಿನಲ್ಲಿ ಬಂದದ್ದರಿಂದ ಯಾರಿಗೂ ನಮ್ಮ ಸಂಬಂಧ ಗೊತ್ತಾಗಲಿಲ್ಲ. ನನಗೆ ಮಾತ್ರ ಮೊದಲ ದಿನವೇ ಗೊತ್ತಾಯಿತು. ಎತ್ತರದ ಕಟ್ಟಡ, ಅದರಲ್ಲಿ ಒಂದು ಲಿಫ್ಟು, ಹತ್ತಿ ಇಳಿಯುವ ನೆರೆಹೊರೆಯವರನ್ನು ಅವರವರ ಮಹಡಿಗೆ ಮುಟ್ಟಿಸುವುದು. ಬಾಗಿಲು ಮುಚ್ಚುವಾಗ ಮೊದಲು ಒಂದು ಕೆಮ್ಮು, ಆಮೇಲೆ ಕಿರ್ರೆನ್ನುವ ಸದ್ದು. ಅದು ನಮ್ಮ ಕಟ್ಟಡದ ಲಿಫ್ಟಲ್ಲವೇ, ಕಳ್ಳ! ಆ ಕ್ಷಣವೇ ಎದ್ದು ಇದನ್ನು ಮಾಡಿದವರು ನನ್ನ ಗಂಡ ಎಂದು ಹೇಳಬೇಕಿತ್ತು. ಹೇಳಲಿಲ್ಲ.

ನಿನಗೆ ಎದುರಾಗಿದ್ದದ್ದು ಕೋಟೆಯ ಯುದ್ಧದ ದೊಡ್ಡ ಆಟ. ಕುದುರೆಯ ಕೂದಲು ಒಂದೊಂದೂ ಎಣಿಸುವಷ್ಟು ಸ್ಪಷ್ಟ. ನಾವೆಲ್ಲ ಎರಡು ತಿಂಗಳು ಅದನ್ನು ಆಡಿ ಬಾಯಿ ಬಿಟ್ಟುಕೊಂಡು ಕೂತಿದ್ದೆವು. ಒಂದು ವಿಷಯ ಯಾರ ತಲೆಗೂ ಹೋಗಲಿಲ್ಲ. ಅದನ್ನು ಮಾಡಿದವರು ಐದನೇ ಹಂತದ ತನಕ ತಾವೇ ಆಡಿ, ಅಲ್ಲಿಂದ ಮುಂದುವರಿಯುವಂತೆ ನಮಗೆ ಕಳಿಸಿದ್ದರು. ಆಟದ ಪರಿಣತರೆಂದು ಸಂಬಳ ತಿನ್ನುವ ಏಳು ಜನರಲ್ಲಿ ಒಬ್ಬರೂ ಆರಂಭವನ್ನೇ ನೋಡಿರಲಿಲ್ಲ!

ನಮ್ಮಲ್ಲಿ ಕೊನೆಯ ದಿನ ಪೆಟ್ಟಿಗೆ ಒಡೆಯುವುದು ಎಂದು ಒಂದು ರೂಢಿಯಿದೆ. ಕನ್ಸೋಲ್ ಮುಟ್ಟಿಯೇ ಇಲ್ಲದ ಒಬ್ಬರನ್ನು ಕರೆದು, ಅಂಗಡಿಯಿಂದ ತಂದಂತೆ ಮುಚ್ಚಿದ ಪೆಟ್ಟಿಗೆ ಕೊಡುತ್ತಾರೆ. ಬಿಚ್ಚುವುದು, ಟಿವಿಗೆ ಜೋಡಿಸುವುದು, ಆಡುವುದು ಎಲ್ಲ ಅವರೇ. ನಾವು ಹಿಂದೆ ಕೂತು ತುಟಿ ಪಿಟಕ್ಕೆನ್ನಬಾರದು. ಈ ಸಲ ಬಂದವರು ನಮ್ಮ ಉಗ್ರಾಣದ ಹಿರಿಯರು. ಕೋಟೆಯ ಆಟ ಹಾಕಿದರು. ರಾಜನ ಭಾಷಣ, ಮಂತ್ರಿಯ ಭಾಷಣ, ಯಾವ ಗುಂಡಿ ಏಕೆ ಎಂಬ ಪಾಠ. ಇಪ್ಪತ್ತೆರಡು ನಿಮಿಷ ಪಾಪ ಕೈಕಟ್ಟಿದಂತೆ ಕೂತಿದ್ದರು. ಆಮೇಲೆ ತಿರುಗಿ, "ಅಲ್ಲಮ್ಮಾ, ಆಟ ಯಾವಾಗ ಶುರುವಾಗುತ್ತೆ?" ಅಂದರು. ಆರಂಭ ಇಷ್ಟು ಉದ್ದವೆಂದು ನಮಗೂ ಆಗಲೇ ಗೊತ್ತಾಗಿದ್ದು.

ನಂತರ ನಿನ್ನದು. ಅರ್ಧ ನಿಮಿಷದೊಳಗೆ ನಾಯಿ ಹಿಡಿದ ಅಜ್ಜಿ ಲಿಫ್ಟಿಗೆ ಹತ್ತಿದಳು, ಇವರು ಗುಂಡಿ ಒತ್ತಿದರು. ಸ್ವಲ್ಪ ಹೊತ್ತಿಗೆ ಚಹಾ ತಂದ ಕ್ಯಾಂಟೀನಿನಾಕೆಯನ್ನೂ ಎಳೆದು ಕೂರಿಸಿ ಎರಡನೇ ಕಂಟ್ರೋಲರ್ ಕೈಗಿಟ್ಟರು. "ನಾಯೀನ ಮೇಲೆ ಕಳಿಸಿ, ಅಜ್ಜೀನ ಕೆಳಗೆ ಬಿಟ್ರಲ್ರೀ!" ಎಂದು ಆಕೆ ರೇಗಿದರು. ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಚಹಾ ಆರಿತು. ನನಗೆ ಹೆಮ್ಮೆಯಿಂದ ಕಣ್ಣು ತುಂಬಿತು, ನೆಗಡಿಯ ನೆಪ ಹೇಳಿದೆ.

ಇನ್ನು ಹೇಳಲೇಬೇಕಾದದ್ದು. ಮತ ಹಾಕುವಾಗ ನಿನ್ನ ಪರ ಮೂರು ಕೈ, ಕೋಟೆಯ ಪರ ನಾಲ್ಕು. ಆ ನಾಲ್ಕರಲ್ಲಿ ಒಂದು ನನ್ನದು. ಆರು ಗಂಟೆಯಲ್ಲಿ ಮುಗಿಯುವ ಆಟ, ಕೊಂಡವರಿಗೆ ಸಾಲದು ಎಂದು ಕಾರಣ ಕೊಟ್ಟೆ. ಜಾಹೀರಾತಿಗೆ ಕುದುರೆಯೇ ಚಂದ ಎನ್ನುವವರಿಗೆ ಅಷ್ಟೇ ಸಾಕಾಯಿತು. ಸೋತವರಿಗೆ ಪತ್ರ ಬರೆಯುವ ಕೆಲಸವೂ ನನ್ನ ತಲೆಗೇ ಬಿತ್ತು. ವಿಷಾದದೊಂದಿಗೆ ತಿಳಿಸುತ್ತೇವೆ ಎಂದು ಟೈಪು ಮಾಡಿದೆ. ಓದುವಾಗ ನಿನ್ನ ಮುಖ ಹೇಗಾದೀತು ಎಂದು ಹೊಳೆಯಿತು. ಕೈ ಮುಂದೆ ಓಡಲಿಲ್ಲ.

ಎದ್ದು ದೊಡ್ಡಮ್ಮನ ಕೋಣೆಗೆ ಹೋಗಿ ನೀನು ನನ್ನ ಗಂಡ ಎಂದು ಹೇಳಿಬಿಟ್ಟೆ. "ಇಷ್ಟು ದಿನ ಏನಮ್ಮಾ ಮಾಡ್ತಿದ್ದೆ?" ಎಂದು ಚೆನ್ನಾಗಿ ಬೈದರು. ಬೈಗುಳ ನ್ಯಾಯವಾಗಿಯೇ ಇತ್ತು. ನನ್ನ ಮತ ಹೊಡೆದುಹಾಕಿದರು. ಮೂರಕ್ಕೆ ಮೂರು ಸಮವಾಯಿತು. ದೊಡ್ಡಮ್ಮ ಲಿಫ್ಟಿನ ಪರ ನಿಂತರು. ನನ್ನನ್ನು ಸಮಿತಿಯಿಂದ ತೆಗೆದು ದೂರು ವಿಭಾಗಕ್ಕೆ ಹಾಕಿದ್ದಾರೆ. ದಿನವಿಡೀ ಜನರ ಬೈಗುಳ ಕೇಳುವ ಕೆಲಸ. ನಿನ್ನ ಜೊತೆ ಸಂಸಾರ ಮಾಡಿದವಳಿಗೆ ಅದೇನು ಮಹಾ, ಬಿಡು.

ಆದ್ದರಿಂದ ನನಗೆ ಥ್ಯಾಂಕ್ಸ್ ಹೇಳಲು ಹೊರಟಿದ್ದರೆ ಬೇಡ. ಹೇಳುವುದಾದರೆ ಉಗ್ರಾಣದವರಿಗೆ ಹೇಳು. ಇನ್ನೊಂದು, ಪರದೆಯ ಮೇಲೆ ಬರುವ ಅಜ್ಜಿಯ ಮಾತಿನ ಅಕ್ಷರಗಳು ತೀರ ಸಣ್ಣವು. ಅವರು ಕನ್ನಡಕ ಮೇಲೆ ಕೆಳಗೆ ಮಾಡಿ ಓದಿದರು. ಪೆಟ್ಟಿಗೆಗೆ ಹೋಗುವ ಮೊದಲು ದೊಡ್ಡದು ಮಾಡು. ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತು ನಿನ್ನ,
ಬಾಯಿಬಡುಕಿ

ತಾ.ಕ.: ಪತ್ರ ಮಡಿಚಿದೆ, ಮನಸ್ಸು ಒಪ್ಪಲಿಲ್ಲ, ಮತ್ತೆ ಬಿಚ್ಚಿದೆ. ಆರು ಗಂಟೆಯಲ್ಲಿ ಮುಗಿಯುತ್ತದೆ ಎಂಬ ಕಾರಣ ಸುಳ್ಳು. ನಿನ್ನ ಆಟ ಆಯ್ಕೆಯಾಗದಿದ್ದರೆ ಆ ಕೋಣೆ ಖಾಲಿ ಮಾಡಿ ಮನೆಗೆ ಬರುತ್ತೀಯ ಎಂದುಕೊಂಡಿದ್ದೆ. ನಿನ್ನನ್ನು ಸೋಲಿಸಿಯಾದರೂ ವಾಪಸ್ ಪಡೆಯಬೇಕು ಅನ್ನಿಸುವಷ್ಟು ಸಣ್ಣವಳಾಗಿದ್ದೆ. ಈ ಒಂದೂವರೆ ವರ್ಷದಲ್ಲಿ ಬಾ ಎಂದು ನಾನು ಒಮ್ಮೆಯೂ ಕರೆಯಲಿಲ್ಲ. ಈಗ ಕರೆಯುತ್ತಿದ್ದೇನೆ, ಬಾ.