ತಡಿ ಅಂದಿದ್ದಳು

1987 ಏಪ್ರಿಲ್ 6, ಸೋಮವಾರ. ವಿಶಾಖಪಟ್ಟಣ

ಬರೆಯಬೇಕಂತೆ. ಬಿಪಿ ಮಾತ್ರೆ ನುಂಗಿದೆನೋ ಇಲ್ಲವೋ ನೆನಪಿರುವುದಿಲ್ಲ, ಅದಕ್ಕೆ. ಸೊಸೆ ಪದ್ಮಾ ಬ್ಯಾಂಕಿನ ಡೈರಿ ಕೈಗಿಟ್ಟು ಆಫೀಸಿಗೆ ಹೋದಳು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳಿಗೆ ಅರವತ್ತಾರರಲ್ಲಿ ಕಾಪಿ ಬರೆಯುವ ಶಿಕ್ಷೆ. ಮಾತ್ರೆ ನುಂಗಿದೆ. ಸಾಕಾ.

ಹನ್ನೊಂದಕ್ಕೆ ಮನೆಯೊಡತಿ ಲಕ್ಷ್ಮೀಕಾಂತಮ್ಮ ಕೆಳಗಿನಿಂದ ಬಂದಳು. ನಾಳೆ ವಿಜಯವಾಡಕ್ಕೆ, ಮಗ ದುರ್ಗಾಪ್ರಸಾದನ ಮನೆಗೆ. ಕಣ್ಣಿನ ಆಪರೇಷನ್ ಎಂದು ಪದ್ಮಾ ಹೇಳಿದ್ದಳು. ಕೈಯಲ್ಲಿ ಹಂಸಪಾದಿಯ ಕುಂಡ. ಕೂದಲಿನಂಥ ಕಪ್ಪು ಕಡ್ಡಿ, ಕೊತ್ತಂಬರಿಯಂಥ ಎಲೆ — ಅಷ್ಟೇ. ನಂಜನಗೂಡಿನಲ್ಲಿ ನಮ್ಮ ಬಾವಿಯ ಒಳಗಿನ ಕಲ್ಲುಸಂದಿಯಲ್ಲಿ ಬೇಕಾದಷ್ಟಿತ್ತು. ಕಿತ್ತು ಬಿಸಾಕುತ್ತಿದ್ದೆವು. ಇವಳು ಕುಂಡದಲ್ಲಿಟ್ಟು ಸಾಕುತ್ತಾಳೆ. ಹೋದ ಚಳಿಯಲ್ಲಿ ಇದರದೇ ಕಷಾಯ ಮಾಡಿ ನನಗೆ ಕುಡಿಸಿದಳು. ಕೆಮ್ಮು ಹೋಯಿತು. ಹೋಗುವ ಹೊತ್ತೂ ಆಗಿತ್ತು.

ಬೆರಳೆತ್ತಿ ಹೇಳಿದಳು: "ತಡಿ ಉಂಡಾಲಿ ಅಕ್ಕಗಾರೂ. ತಡಿ. ಎಂಡ ವದ್ದು."

"ನಮ್ಮನೇಲಿ ಯಾರೂ ಹೆಂಡ ಮುಟ್ಟೋಲ್ಲ ಕಣೇ," ಅಂದೆ.

ನಕ್ಕಳು. ನನ್ನ ಮಾತು ಅವಳಿಗೆ ತಿಳಿಯದು, ಅವಳದು ನನಗೆ. ಆದರೂ ಮೂರು ವರ್ಷದಿಂದ ದಿನಾ ಹನ್ನೊಂದಕ್ಕೆ ಮೆಟ್ಟಿಲ ಮೇಲೆ ಕೂತು ಮಾತಾಡುತ್ತೇವೆ. ಈ ಊರಲ್ಲಿ ನನ್ನ ಜೊತೆ ಕೂರುವವಳು ಅವಳೊಬ್ಬಳೇ.

ತಡಿ ಅಂದಳಲ್ಲ, ತಡೆದರಾಯಿತು. ಅವಳು ಬರುವ ತನಕ ಗಿಡಕ್ಕೆ ಏನೂ ಮಾಡಬಾರದು. ಕುಂಡವನ್ನು ತಾರಸಿಯ ಕಟ್ಟೆ ಮೇಲಿಟ್ಟೆ.

ಏಪ್ರಿಲ್ 9

ಮಾತ್ರೆ ಆಯಿತು. ಎಲೆಯ ಅಂಚು ಕಂದು. ಚೊಂಬಲ್ಲಿ ನೀರು ಹಿಡಿದು ತಾರಸಿಗೆ ಹೋದೆ. ಬಾವಿಯ ಗಿಡಕ್ಕೆ ನೀರು ಬೇಡವೆಂದರೆ ಯಾರು ನಂಬುತ್ತಾರೆ... ಆದರೆ ಎರಡೆರಡು ಸಲ ತಡಿ ಅಂದಿದ್ದಾಳೆ. ಗಿಡ ಅವಳದು, ಮಾತು ಅವಳದು. ನೀರು ನಾನೇ ಕುಡಿದು ಇಳಿದೆ.

ಏಪ್ರಿಲ್ 14

ದುರ್ಗಾಪ್ರಸಾದನ ಕಾರ್ಡು, ತೆಲುಗಿನಲ್ಲಿ. ಮಗ ಶ್ರೀಪಾದ ಓದಿದ. ಆಪರೇಷನ್ ಆಯಿತು. ಕಣ್ಣಿಗೆ ಪಟ್ಟಿ.

"ಹಂಸಪಾದೀಲಿ ತಡಿ ಇದೆಯಾ ಅಂತ ದಿನಾ ಕೇಳ್ತಾರಂತೆ."

"ಇನ್ನೂ ತಡೀತಾನೇ ಇದೀನಿ ಅಂತ ಬರಿ."

ಕಾರ್ಡು ಕೆಳಗಿಟ್ಟ. "ಅಮ್ಮಾ, ತಡಿ ಅಂದ್ರೆ ತೆಲುಗಲ್ಲಿ ಒದ್ದೆ. ನೀರು ಹಾಕಿದೀಯ ತಾನೆ?"

"ಎಂಡ ಅಂದ್ರೆ?"

"ಬಿಸಿಲು. ಎಂಡ ವದ್ದು ಅಂದ್ರೆ ಬಿಸಿಲು ಬೇಡ."

ಪದ್ಮಾ ತಾರಸಿಗೆ ಹೋಗಿ ಕುಂಡ ತಂದಳು. "ಸಂಡಿಗೆ ಒಣಗಿದ ಹಾಗೆ ಒಣಗಿದೆ ಅತ್ತೆ. ಎಣ್ಣೆಗೆ ಬಿಡೋದೊಂದೇ ಬಾಕಿ."

ಎಂಟು ದಿನ. ಊಟ ಬೇಡವೆಂದೆ.

ಏಪ್ರಿಲ್ 15

ನರ್ಸರಿಯಿಂದ ಇನ್ನೊಂದು ತಂದು ಅದೇ ಕುಂಡಕ್ಕೆ ನೆಡೋಣವಂತೆ. ಪದ್ಮಾಳ ಬುದ್ಧಿ. "ಅವರಿಗೆ ಕಣ್ಣು ಅಷ್ಟು ಕಾಣೋಲ್ಲವಲ್ಲ ಅತ್ತೆ, ಗೊತ್ತಾಗೋಲ್ಲ."

"ಪಟ್ಟಿ ಕಟ್ಟಿರೋದು ಕಣ್ಣಿಗೆ, ಬೆರಳಿಗಲ್ಲ," ಅಂದೆ.

ಸಂಜೆ ಕುಂಡ ಹಿಡಿದು ಪದ್ಮಾಳ ಜೊತೆ ನರ್ಸರಿಗೆ ಹೋಗಿದ್ದು ನಿಜ. ಕೊಳ್ಳಲು ಅಲ್ಲ. ಅಲ್ಲಿಯ ಸೂರ್ಯಪ್ರಕಾಶ ಮಣ್ಣು ಕೆದಕಿ, ಬುಡದ ಬೇರನ್ನು ಉಗುರಿನಿಂದ ಚಿವುಟಿ ನೋಡಿದ. ಒಳಗೆ ಹಸಿ. ಅವನು ಹೇಳಿದ್ದನ್ನು ಪದ್ಮಾ ಕನ್ನಡ ಮಾಡಿದಳು — ಒಣಗಿದ್ದನ್ನೆಲ್ಲ ಬುಡದವರೆಗೆ ಕತ್ತರಿಸಿ. ಎಲೆಗೊಬ್ಬರ, ಇದ್ದಿಲು, ಇಟ್ಟಿಗೆ ಚೂರು ಹಾಕಿ. ನೆರಳು ಬೇಕು. ಮಣ್ಣು ಆರಬಾರದು, ನೀರು ನಿಲ್ಲಲೂಬಾರದು.

ಅಂದರೆ ನಮ್ಮ ಬಾವಿ. ಇಷ್ಟು ಹೇಳಲು ಅರ್ಧ ಗಂಟೆ.

ಬಚ್ಚಲ ಕಿಟಕಿಯಲ್ಲಿಟ್ಟೆ. ಕುಂಡದ ಸುತ್ತ ಒದ್ದೆ ಗೋಣಿ. ಮಾತ್ರೆ — ಗೊತ್ತಿಲ್ಲ.

ಏಪ್ರಿಲ್ 24

ಏನೂ ಇಲ್ಲ. ಬರೀ ಮಣ್ಣು. ಗೋಣಿ ಮೂರು ಸಲ ನೆನೆಸಿದೆ. ಸೋಪಿನ ನೀರು ಕುಂಡಕ್ಕೆ ಸಿಡಿಸಿದ ಎಂದು ಶ್ರೀಪಾದನನ್ನು ಬೈದೆ. ನಲವತ್ತು ವರ್ಷದವನು, ಸ್ನಾನ ಮಾಡಲು ಬಾರದು.

ಹನ್ನೊಂದಕ್ಕೆ ಮೆಟ್ಟಿಲ ಮೇಲೆ ಕೂತೆ. ಯಾರೂ ಬರಲಿಲ್ಲ. ಯಾರು ಬರುತ್ತಾರೆ.

ಮೇ 3, ಬೆಳಿಗ್ಗೆ ಆರು

ಸುರುಳಿ. ಒಂದೇ ಒಂದು. ಕಡಲೆಕಾಳಿಗಿಂತ ಚಿಕ್ಕದು, ಕೆಂಪಗೆ, ಚಕ್ಕುಲಿ ಸುತ್ತಿದ ಹಾಗೆ. ಯಾರನ್ನೂ ಎಬ್ಬಿಸಲಿಲ್ಲ.

ಮೇ 8

ಈಗ ನಾಲ್ಕು. ಮೊದಲಿನದು ಬಿಚ್ಚಿಕೊಂಡಿದೆ. ನೀರು ಚಿಮುಕಿಸಿದರೆ ಎಲೆಗೆ ಅಂಟದು, ಕೆಸುವಿನೆಲೆಯ ಮೇಲಿನ ಹಾಗೆ ಜಾರಿ ಹೋಗುತ್ತದೆ. ಹಳೆಯದೂ ಹಾಗೇ ಇತ್ತು.

ಇನ್ನೊಂದು ಕಾರ್ಡು ಬಂದಿದೆ. ಅಮ್ಮ ಇನ್ನು ವಿಜಯವಾಡದಲ್ಲೇ ಇರಲಿ, ಒಬ್ಬಳೇ ಬೇಡ — ದುರ್ಗಾಪ್ರಸಾದನ ತೀರ್ಮಾನ. ಇಪ್ಪತ್ತಕ್ಕೆ ಶ್ರೀಪಾದ ಬ್ಯಾಂಕಿನ ಕೆಲಸಕ್ಕೆ ಇಲ್ಲಿಗೆ ಬರುತ್ತಾರಲ್ಲ, ಕುಂಡ ಅವರ ಕೈಲಿ ಕಳಿಸಿ. ಅಮ್ಮ ಏನನ್ನುತ್ತಾಳೆ ಎಂದು ಒಂದು ಅಕ್ಷರವಿಲ್ಲ.

"ಪೆಟ್ಟಿಗೇಲಿಟ್ಟು ಕೊಡು, ಒಯ್ತೀನಿ," ಅಂದ ಶ್ರೀಪಾದ.

"ಕೊಡೋಲ್ಲ. ಪೆನ್ನು ತಗೊ. ತೆಲುಗಲ್ಲಿ ಬರಿ."

ಸಂಜೆ ಬರೆಯುತ್ತಾನಂತೆ. ಅಷ್ಟರಲ್ಲಿ ಮರೆಯಬಾರದೆಂದು ಇಲ್ಲಿ —

ಲಕ್ಷ್ಮೀಕಾಂತಮ್ಮಾ, ನಿನ್ನ ಗಿಡ ಒಣಗಿಸಿದವಳು ನಾನೇ. ನಿನ್ನ ತಡಿ ನೀರು, ನನ್ನ ತಡಿ ಕಾಯುವುದು. ಬುಡದಿಂದ ಮತ್ತೆ ಬಂದಿದೆ, ನಾಲ್ಕು ಕಡ್ಡಿ. ಎಳೆಯದು, ರೈಲಿನ ಸೆಕೆ ತಾಳದು. ಅದು ಅಲ್ಲಿಗೆ ಬರುವುದಿಲ್ಲ. ನೀನು ಬಾ. ಬೆರಳಿಟ್ಟು ನೋಡು. ಬೈಯುವುದಿದ್ದರೆ ಬೈಯಿ, ಹೇಗೂ ನನಗೆ ಅರ್ಥವಾಗುವುದಿಲ್ಲ. ಮಗನ ಮಾತು ನನಗೆ ಬೇಡ. ಬರುತ್ತೀಯೋ ಇಲ್ಲವೋ ನೀನೇ ಹೇಳಿ ಬರೆಸು. ಇಪ್ಪತ್ತಕ್ಕೆ ಶ್ರೀಪಾದ ಅಲ್ಲಿಗೆ ಬರುತ್ತಾನೆ, ಬರುವುದಾದರೆ ಅವನ ಜೊತೆ ಬಾ. ಮೇ ಹದಿನೈದರೊಳಗೆ ಉತ್ತರ ಬರಬೇಕು.