ಯಾರದೂ ಅಲ್ಲದ ಹೊಸಿಲು

ಚನ್ನಗಿರಿ, 24 ಜೂನ್ 1940, ಸೋಮವಾರ, ಬೆಳಿಗ್ಗೆ

ನನಗೆ ಮದುವೆಯಾಗಿದೆ! ಆಗಿದ್ದು ಗುರುವಾರವೇ, ಕೂತು ಬರೆಯಲು ಪುರಸೊತ್ತು ಸಿಕ್ಕಿದ್ದು ಇವತ್ತು. ಇನ್ನೊಮ್ಮೆ ಬರೆಯುತ್ತೇನೆ—ನನಗೆ ಮದುವೆಯಾಗಿದೆ. ಕ್ಷೌರ ಮಾಡಿಕೊಳ್ಳುವಾಗ ಗದ್ದ ಎರಡು ಕಡೆ ಕೊಯ್ದುಕೊಂಡೆ. ನಾನು ಪಾಠ ಹೇಳುವ ಎ.ವಿ. ಸ್ಕೂಲಿನ ಹುಡುಗರ ಕಾಂಪೊಸಿಷನ್ ಪುಸ್ತಕಗಳು ತಿದ್ದದೆ ಬಿದ್ದಿವೆ. ಬೀಳಲಿ.

ಉಚ್ಚಂಗೆಮ್ಮ. ನಾನು ಉಚ್ಚಂಗಿ ಎನ್ನುತ್ತೇನೆ. ಜಗಳೂರಿನ ಮಲ್ಲೇಶಪ್ಪನವರ ಒಬ್ಬಳೇ ಮಗಳು. ಮಿಷನ್ ಸ್ಕೂಲಿನಲ್ಲಿ ನಾಲ್ಕನೇ ಫಾರಂವರೆಗೆ ಓದಿದ್ದಾಳೆ. ನನ್ನ ಹಾಗೆ ಇಂಗ್ಲಿಷಿನಲ್ಲೇ ಜಗಳವಾಡಬಲ್ಲಳು! ಈಗ ಪಕ್ಕದ ಕೋಣೆಯಲ್ಲಿ ಸ್ಟೋವಿನ ಜೊತೆ ಹೋರಾಡುತ್ತಿದ್ದಾಳೆ. ನಿನ್ನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. "ಡೋಂಟ್ ಸ್ಟೇರ್. ಬಂದು ಪಂಪ್ ಹೊಡೀರಿ" ಅಂದಳು. ಹೊಡೆದೆ. ಇಡೀ ಜನ್ಮ ಹೊಡೆಯುತ್ತೇನೆ.

ಕರೆಯುತ್ತಿದ್ದಾಳೆ—

ಹೊನ್ನಾಳಿ, 29 ಜೂನ್, ಶನಿವಾರ

ನಾಟಕಕ್ಕೆಂದು ಬಂದೆವು. ಹೊಳೆಯ ಕಡೆಗೆ ತಗಡಿನ ಥಿಯೇಟರ್ ಹಾಕಿದ್ದಾರೆ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ನಡುವೆ ಸೀರೆಗಳನ್ನು ಹೊಲಿದು ಕಟ್ಟಿದ ಪರದೆ. ಅರ್ಧ ನಾಟಕ ಪರದೆಯನ್ನೇ ನೋಡಿದೆ. ಒಂದು ಸೀರೆಯಲ್ಲಿ ತೂತಿತ್ತು, ಅದರ ಹಿಂದೆ ಯಾರದೋ ಅಜ್ಜಿಯ ಕಿವಿಯಿತ್ತು.

ರಾಣಿಯ ಪಾತ್ರದವನಿಗೆ ನೆಗಡಿ. ಆದರೂ ಹಾಡಿದ್ದೇ ಹಾಡಿದ್ದು! ಮುಗಿಯುತ್ತಲೇ ಹೆಂಗಸರ ಕಡೆಯಿಂದ "ಒನ್ಸ್ ಮೋರ್!" ಅಂತ ಒಂದು ಕೂಗು. ಹೆಂಗಸರ ಕಡೆಯಿಂದ! ಇಡೀ ಥಿಯೇಟರ್ ತಿರುಗಿತು.

"ಯಾರ ಮನೆ ಸೊಸೇನೇ ಇದು?" ಆ ಅಜ್ಜಿಯ ದನಿ.

"ನಮ್ಮೋರು ಆ ಕಡೆ ಅದಾರೆ, ಕೇಳ್ರಿ ಬೇಕಾದ್ರೆ" ನನ್ನವಳ ದನಿ.

ನೆಲದೊಳಗೆ ಇಳಿದುಹೋಗಬೇಕು ಅನಿಸಿತು. ಜೊತೆಗೆ ಎದ್ದು ನಿಂತು ಅವಳು ನನ್ನವಳು ಎಂದು ಸಾರಬೇಕು ಅಂತಲೂ ಅನಿಸಿತು. ಎರಡೂ ಮಾಡಲಿಲ್ಲ. ನಾನೂ ಒನ್ಸ್ ಮೋರ್ ಅಂದೆ. ನೆಗಡಿಯ ರಾಣಿ ಮತ್ತೆ ಹಾಡಿದ, ಪಾಪ.

ಚನ್ನಗಿರಿ, 5 ಜುಲೈ, ಶುಕ್ರವಾರ

ಹೋದಳು.

ನಾಳೆಯಿಂದ ಆಷಾಢ. ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದವನ ಹಾಗಿದ್ದೆ. ಮಾವನವರು ಮಧ್ಯಾಹ್ನದ ಬಸ್ಸಿಗೆ ಬಂದು ಕರೆದುಕೊಂಡು ಹೋದರು. ಉಬ್ರಾಣಿಯಿಂದ ನಮ್ಮ ಅವ್ವನೂ ಬಂದು ಮಡಿಲು ತುಂಬಿ ಕಳಿಸಿದಳು.

"ಒಂದು ತಿಂಗಳು, ಮೇಷ್ಟ್ರೇ. ಕಣ್ಣು ಮುಚ್ಚಿ ತೆಗೆಯಾದ್ರಾಗೆ ಹೋಗ್ತೈತೆ" ಅಂದರು ಮಾವನವರು.

"ಭಾನುವಾರ ಬಂದು ನೋಡಿಕೊಂಡು ಹೋಗಲಾ?"

ಇಬ್ಬರೂ ಹೌಹಾರಿದರು. ಅವ್ವನಂತೂ ಬಾಯಿಗೆ ಸೆರಗು ಇಟ್ಟುಕೊಂಡಳು. "ಆಷಾಢದಾಗೆ ಅತ್ತೆ ಅಳಿಯ ಒಂದೇ ಹೊಸಿಲು ದಾಟಬಾರ್ದಪ್ಪಾ! ಅತ್ತೆಗೆ ಕೇಡು. ಅಷ್ಟು ಓದಿದೀಯ, ಇದು ಗೊತ್ತಿಲ್ವೇನು?"

ಇಷ್ಟು ಓದಿದರೂ ಇದು ಸಿಲಬಸ್ಸಿನಲ್ಲಿ ಬರಲಿಲ್ಲ. ಬಸ್ಸಿನ ಕಿಟಕಿಯಲ್ಲಿ ಕೈ ಕಂಡಿತು. ಬಳೆ ಕಂಡವು. ಆಮೇಲೆ ಬರೀ ಧೂಳು.

ಸ್ಟೋವ್ ಹಚ್ಚಲು ಮನಸ್ಸಿಲ್ಲ.

ನ್ಯಾಮತಿ, 13 ಜುಲೈ, ಶನಿವಾರ

ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಡ್ರಿಲ್ ಮಾಸ್ಟರ್ ಮುರುಗೇಶಪ್ಪ ಕನಿಕರಪಟ್ಟು ನ್ಯಾಮತಿಗೆ ಟಾಕಿ ತೋರಿಸಲು ಎಳೆದುಕೊಂಡು ಬಂದ. ಹತ್ತಿಯ ಗೋದಾಮಿನಲ್ಲಿ ಟಾಕೀಸು. ಗೋಡೆಗೆ ಸುಣ್ಣ ಬಳಿದದ್ದೇ ಪರದೆ. ನಾಯಕನ ಮೂಗಿನ ಮೇಲೊಂದು ಹಲ್ಲಿ ಕೂತು, ಅವನ ದುಃಖದ ಉದ್ದಕ್ಕೂ ಕದಲಲಿಲ್ಲ.

"ರೀ ಮೇಷ್ಟ್ರೇ, ಚಿತ್ರ ಮುಂದೈತೆ. ಹೆಂಗಸರ ಕಡೆ ಯಾಕೆ ನೋಡ್ತೀರಿ?"

"ಅಭ್ಯಾಸ."

"ಮದುವೆಯಾಗಿ ತಿಂಗಳಾಗಿಲ್ಲ, ಅಭ್ಯಾಸ ಅಂತೆ!"

ಮಿಷಿನ್ ಕೆಟ್ಟಿತು. ದೀಪ ಹಾಕಿದರು. ಕಡಲೆಕಾಯಿ ತಿನ್ನುತ್ತಾ ಮುರುಗೇಶಪ್ಪ ಏನೇನೋ ಹೇಳುತ್ತಿದ್ದ. ಕಿವಿಗೆ ಬಿದ್ದದ್ದು ಒಂದೇ—ಜಗಳೂರಿನಲ್ಲಿ ಪಾಳೇಗಾರರ ಕಾಲದ ಒಂದು ವಾಡೆ ಇದೆ. ದೊಡ್ಡ ಮನೆ, ಯಾರೂ ವಾಸವಿಲ್ಲ. ಪಲ್ಲಕ್ಕಿ, ಕತ್ತಿ, ಹಳೆಯ ಸಾಮಾನುಗಳನ್ನೆಲ್ಲ ಜೋಡಿಸಿ ಇಟ್ಟಿದ್ದಾರೆ. ಕಾವಲಿನ ಮುದುಕಿಗೆ ಒಂದಾಣೆ ಕೊಟ್ಟರೆ ಯಾರು ಬೇಕಾದರೂ ನೋಡಬಹುದು.

ಯಾರು ಬೇಕಾದರೂ! ಅಂದರೆ ಅದು ಅತ್ತೆಯ ಹೊಸಿಲಲ್ಲ, ಅವ್ವನ ಹೊಸಿಲೂ ಅಲ್ಲ. ಯಾರದೂ ಅಲ್ಲದ ಹೊಸಿಲು. ಮ್ಯೂಸಿಯಂ! ಆಷಾಢಕ್ಕೆ ಮ್ಯೂಸಿಯಂ ಮೇಲೆ ಏನು ಅಧಿಕಾರ?

ಮುರುಗೇಶಪ್ಪನ ಬೆನ್ನಿಗೆ ಗುದ್ದಿದೆ. ಕಡಲೆಕಾಯಿ ಚೆಲ್ಲಿದವು.

ಚನ್ನಗಿರಿ, 14 ಜುಲೈ

ಇಂಗ್ಲಿಷಿನಲ್ಲಿ ಕಾರ್ಡು ಬರೆದು ಹಾಕಿದೆ. ಅವರ ಮನೆಯಲ್ಲಿ ಅವಳೊಬ್ಬಳೇ ಓದಬಲ್ಲಳು. ಶುಕ್ರವಾರ, ಮಧ್ಯಾಹ್ನ, ವಾಡೆ. ಹೆಡ್‌ಮಾಸ್ಟರಿಗೆ, ಹುಡುಗರ ಎಕ್ಸ್‌ಕರ್ಷನ್ನಿಗೆ ಜಾಗ ನೋಡಿ ಬರುತ್ತೇನೆ ಎಂದು ರಜೆ ಕೇಳಿದೆ. ಪೂರ್ತಿ ಸುಳ್ಳಲ್ಲ... ಮುಕ್ಕಾಲು.

ಜಗಳೂರು, 19 ಜುಲೈ, ಶುಕ್ರವಾರ, ಸಂಜೆ, ಬಸ್ಸಿಗೆ ಕಾಯುತ್ತಾ

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಬಂದಿದ್ದಳು! ನನಗಿಂತ ಮೊದಲೇ ಬಂದು ಪಲ್ಲಕ್ಕಿಯಲ್ಲಿ ಕೂತಿದ್ದಳು. ಕಾವಲಿನ ಹುಲಿಗೆಮ್ಮ ನನ್ನಿಂದ ಒಂದಾಣೆ ಇಸಿದುಕೊಂಡು, "ನೋಡ್ರಿ, ನೋಡ್ರಿ, ಒಳಗೆ ರಾಣಿನೂ ಅದಾಳೆ" ಅಂತ ನಗುತ್ತಾ ಹಿತ್ತಲಿಗೆ ಹೋದಳು.

"ಇಳಿ" ಅಂದೆ.

"ನೋ. ಹೊತ್ತುಕೊಂಡು ಹೋಗ್ರಿ, ಚನ್ನಗಿರಿಗೆ."

ಒಂದು ಗಂಟೆಯೋ ಒಂದು ನಿಮಿಷವೋ. ಕತ್ತಿ ನೋಡಿದೆವು, ಕೆತ್ತಿದ ಕಂಬ ನೋಡಿದೆವು, ಏನನ್ನೂ ನೋಡಲಿಲ್ಲ. ಒಳಗೊಂದು ಕತ್ತಲೆ ಕೋಣೆ. ಅದನ್ನು ತೋರಿಸಿ ಆರಾಮಾಗಿ ಹೇಳಿದಳು, "ನಮ್ಮವ್ವ ಹುಟ್ಟಿದ್ದು ಇಲ್ಲೇ."

"ಯಾರು?"

"ನಮ್ಮವ್ವ. ಇದು ಅವ್ವನ ತವರು. ಮಾವಂದಿರು ಹುಬ್ಬಳ್ಳಿ ಸೇರಿದ ಮೇಲೆ ಮನೆ ಊರಿಗೆ ಬಿಟ್ಟುಕೊಟ್ರು. ಮದುವೆಯಾಗೆ ಹೇಳಿದ್ರಲ್ಲ, ವಾಡೇದೋರು ಅಂತ?"

ಮದುವೆಯಲ್ಲಿ ನನಗೆ ಯಾರು ಏನು ಹೇಳಿದರೂ ಕೇಳಿಸಿಲ್ಲ! "ಕಾರ್ಡು ತಲುಪಿದ ಮೇಲಾದರೂ ತಿಳಿಸಬಾರದಿತ್ತೇ?"

"ತಿಳಿಸಿದ್ರೆ ನೀವು ಬರ್ತಿರಲಿಲ್ಲ. ಹೆದರಬ್ಯಾಡ್ರಿ. ಅವ್ವ ದೀಪ ಹಚ್ಚಾಕೆ ಬರೋದು ಸಂಜೆಗೆ."

ಹೊರಡೋಣವೆಂದು ಬಾಗಿಲಿಗೆ ಓಡಿದೆ. ಮೋಡ ಕಂಡು ಅತ್ತೆ ಬೇಗ ಬಂದಿದ್ದರು. ಹೊಸಿಲಿನ ಈ ಕಡೆ ನನ್ನ ಕಾಲು. ಆ ಕಡೆ, ಕೈಯಲ್ಲಿ ಎಣ್ಣೆ ಬತ್ತಿಯ ತಟ್ಟೆ ಹಿಡಿದು, ಅತ್ತೆ ಸುಂಕಲಮ್ಮನವರ ಕಾಲು.

"ಅಯ್ಯೋ ಶಿವನೇ, ಅಳಿಯಂದ್ರು!"

ಹಿಂದಕ್ಕೆ ಸರಿದರು. ಮೆಟ್ಟಿಲು ತಪ್ಪಿತು. ತಟ್ಟೆ ಅಂಗಳದಲ್ಲೆಲ್ಲಾ ಉರುಳಿತು. ಎತ್ತಲು ಹೋದರೆ "ಮುಟ್ಟಬ್ಯಾಡ್ರಿ, ಹೊಸಿಲು ದಾಟಬ್ಯಾಡ್ರಿ" ಅಂತ ನೋವಿನಲ್ಲೇ ಕೂಗಿದರು. ದಾಟದೆ ಹೊರಗೆ ಬರುವುದು ಹೇಗೆ? ನಾನು ಒಳಗೇ ನಿಂತಿದ್ದೆ, ಹುಲಿಗೆಮ್ಮ ಮತ್ತು ಉಚ್ಚಂಗಿ ಅವರನ್ನು ಎತ್ತಿಕೊಂಡು ಹೋದರು. ಉಚ್ಚಂಗಿ ತಿರುಗಿ ನೋಡಲಿಲ್ಲ.

ಚನ್ನಗಿರಿ, 27 ಜುಲೈ, ಶನಿವಾರ

ಇಷ್ಟು ದಿನ ಬರೆಯುವಂಥದ್ದೇನೂ ಇರಲಿಲ್ಲ. ಇವತ್ತು ಮಾವನವರು ಸ್ಕೂಲಿಗೇ ಬಂದರು. ಹುಣಸೆಮರದ ಕೆಳಗೆ ನಿಂತು ಮಾತಾಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಿಮ್ಮತ್ತೆ ಕಾಲು ಉಳುಕೈತೆ. ಬೀದಿಯೋರೆಲ್ಲ ಆಷಾಢದ ಕೇಡು ಅಂತಾರೆ. ಮಗಳನ್ನ ಹುಬ್ಬಳ್ಳಿಗೆ, ಅವಳ ಸೋದರಮಾವನ ಮನೆಗೆ ಕಳಿಸೀನಿ."

"ಶ್ರಾವಣಕ್ಕೆ ಕರೆದುಕೊಂಡು ಬರಲಾ?"

"ಇಲ್ರೀ. ಮುಂದಿನ ಆಷಾಢ ಕಳೀಲಿ. ಆಮೇಲೆ ನೋಡಾಣ."

ಒಂದು ವರ್ಷ! ಅದೂ 'ನೋಡಾಣ'!

"ಮಾವನವರೇ, ಈಗಲೇ ಬಂದು ಅತ್ತೆಯವರ ಕಾಲು ಹಿಡಿಯುತ್ತೇನೆ—"

"ಬರಬ್ಯಾಡ್ರೀ! ಇನ್ನೂ ಆಷಾಢ ಐತೆ!"

ಕ್ಷಮೆ ಕೇಳುವುದಕ್ಕೂ ಅದೇ ಹೊಸಿಲು ಅಡ್ಡ. ಮುರುಗೇಶಪ್ಪ ದೂರದಿಂದ ನೋಡುತ್ತಿದ್ದವನು ಈ ಸಲ ತಮಾಷೆ ಮಾಡಲಿಲ್ಲ. ಹೊನ್ನಾಳಿಯಲ್ಲಿ ಹೊಸ ನಾಟಕವಂತೆ, ಕರೆದ. ಯಾರು ಒನ್ಸ್ ಮೋರ್ ಅನ್ನುತ್ತಾರೆ ಅಲ್ಲಿ...

ಜಗಳೂರು, 4 ಆಗಸ್ಟ್, ಭಾನುವಾರ

ನಿನ್ನೆ ಅಮಾವಾಸ್ಯೆ ಮುಗಿಯಿತು. ಆಷಾಢ ಸತ್ತಿತು. ಮೊದಲ ಬಸ್ಸಿಗೆ ಬಂದೆ. ಬಾಗಿಲ ಮುಂದೆ ಬೀದಿಯಲ್ಲೇ ನಿಂತೆ. ಮಾವನವರು ಹೊಲಕ್ಕೆ ಹೋಗಿದ್ದರು. ಅತ್ತೆ ಕುಂಟುತ್ತಾ ಬಂದರು.

"ಒಳಗೆ ಬರ್ರಿ. ಈಗ ದೋಷ ಇಲ್ಲ."

"ಕಾಲು ಹೇಗಿದೆ?"

"ಕಾಲಿಗೇನು, ಎಣ್ಣೆ ತಿಕ್ಕಿದ್ರೆ ಹೋಗ್ತೈತೆ."

"ಮತ್ತೆ ಒಂದು ವರ್ಷ ಯಾಕೆ, ಅತ್ತೆ?" ಹೀಗೆ ಕೇಳಬಾರದಿತ್ತು. ಬಾಯಿ ತಪ್ಪಿತು.

ಅವರು ಬಾಗಿಲು ಹಿಡಿದು ನಿಂತರು. "ನನ್ನ ಮಗಳ ಕಣ್ಣಿಗೆ ಬೀಳಬೇಕಂತ ಬಂದ್ರಿ, ತಿಳೀತೈತೆ. ನಮಗೂ ವಯಸ್ಸಿತ್ತು. ಆದ್ರೆ ನನ್ನ ತವರಿಗೆ, ಕಾಸು ಕೊಟ್ಟು, ಹಾಳುಮನೆ ನೋಡಾಕೆ ಬಂದೋರಂಗೆ ಬಂದ್ರಿ. ಯಾರ ಮನೆ ಅಂತ ಒಂದು ಮಾತು ಕೇಳಿದ್ರಾ? ಊರ ಜನ ಹಂಗೇ ಬರ್ತಾರೆ, ಅವರಿಗೇನು. ನನ್ನ ಅಳಿಯನೂ ಹಂಗೇ ಬಂದ್ರೆ?"

ಯಾರದೂ ಅಲ್ಲದ ಹೊಸಿಲು—ಎಷ್ಟು ಕುಣಿದಿದ್ದೆ ಆ ಮಾತಿಗೆ!

"ನೀವೇ ತೋರಿಸ್ರಿ, ಅತ್ತೆ. ನೀವಿದ್ದ ಮನೆ."

ಅವರು ಸೆರಗು ಹೊದ್ದುಕೊಂಡರು. ನಿಧಾನ ನಡೆದೆವು. ವಾಡೆಯ ಬಾಗಿಲಲ್ಲಿ ಹುಲಿಗೆಮ್ಮ ಅಭ್ಯಾಸಬಲದಿಂದ ಕೈ ಚಾಚಿದಳು.

"ನನ್ನ ಹತ್ರಾನೂ ಕಾಸು ಕೇಳ್ತೀಯೇನೇ, ಮುದುಕಿ?"

"ಅಳಿಯನ ಹತ್ರ ಕೇಳಿದ್ದವ್ವಾ!"

ಎತ್ತರದ ಹೊಸಿಲು. ಅವರಿಗೆ ಕಾಲು ಎತ್ತಲಾಗಲಿಲ್ಲ. ಕೈ ಕೊಟ್ಟೆ. ಹಿಡಿದರು. ಇಬ್ಬರೂ ಒಟ್ಟಿಗೆ ದಾಟಿದೆವು.

ಹೋದ ಸಲ ನಾನು ಈ ಮನೆಯನ್ನು ನೋಡಿಯೇ ಇರಲಿಲ್ಲ. ಇಲ್ಲಿ ಅಜ್ಜಿ ಮಜ್ಜಿಗೆ ಕಡೆಯುತ್ತಿದ್ದದ್ದು, ಕಂಬದಲ್ಲಿ ಹಗ್ಗ ಸವೆದ ಗುರುತು. ಇಲ್ಲಿ ಅಣ್ಣಂದಿರು ಬಚ್ಚಿಟ್ಟುಕೊಳ್ಳುತ್ತಿದ್ದದ್ದು. ಆ ಪಲ್ಲಕ್ಕಿಯಲ್ಲಿ ರಾಣಿಯಲ್ಲ, ಬೆಕ್ಕು ಮರಿ ಹಾಕುತ್ತಿತ್ತಂತೆ. ಮೂಲೆಯಲ್ಲೊಂದು ತೊಟ್ಟಿಲು, ಅದರ ಮೇಲೆ ಹಲಗೆ: 'ಪುರಾತನ ತೊಟ್ಟಿಲು. ಮುಟ್ಟಬಾರದು.' ಏನು ಬರೆದಿದೆ ಅಂತ ಕೇಳಿದರು. ಅಳುಕುತ್ತಲೇ ಓದಿದೆ.

"ಪುರಾತನ ಅಂತೆ! ನಾನು ಮಲಗಿದ್ದ ತೊಟ್ಟಿಲು ಇದು! ನನಗಿನ್ನೂ ನಲವತ್ತು ತುಂಬಿಲ್ಲ!"

ನಗು ತಡೆಯಲಾಗಲಿಲ್ಲ ನನಗೆ. ಸತ್ತೆ ಅಂದುಕೊಂಡೆ. ಆದರೆ ಅವರೂ ನಕ್ಕರು, ಕಂಬ ಹಿಡಿದು, ಕಾಲು ನೋಯುತ್ತಿದ್ದರೂ, ಕಣ್ಣಲ್ಲಿ ನೀರು ಬರುವ ತನಕ. ಹಲಗೆಯನ್ನು ತೆಗೆದು ಹುಲಿಗೆಮ್ಮನ ಕೈಗಿಟ್ಟು, "ಒಲೆಗೆ ಹಾಕು" ಅಂದರು. ತೊಟ್ಟಿಲನ್ನು ಒಮ್ಮೆ ತೂಗಿದರು.

ಹೊರಡುವಾಗ ನನ್ನ ಮುಖ ನೋಡದೆ ಹೇಳಿದರು, "ಹುಬ್ಬಳ್ಳಿಗೆ ತಂತಿ ಕೊಡ್ರಿ. ನನ್ನ ಹೆಸರು ಹಾಕ್ರಿ. ಅವರಪ್ಪಗೆ ನಾ ಹೇಳ್ತೀನಿ."

ತಂತಿ ಕೊಡಲು ಹೊರಟವನಿಗೆ ಜಗಳೂರಿನಿಂದ ದಾವಣಗೆರೆಗೆ ಬಸ್ಸು ಇಷ್ಟು ನಿಧಾನ ಯಾಕೆ ಹೋಗುತ್ತದೆ?

ಚನ್ನಗಿರಿ, 6 ಆಗಸ್ಟ್

ಕೊಟ್ಟ ತಂತಿಗೆ ಉತ್ತರವಿಲ್ಲ. ನಾನು ಪೋಸ್ಟಾಫೀಸಿಗೆ ಹೋಗಿ ಹೋಗಿ ನಿಲ್ಲುವುದು ನೋಡಿ ಪೋಸ್ಟ್‌ಮಾಸ್ಟರ್ "ಇಲ್ಲೇ ಹಾಸಿಗೆ ಹಾಕಿಸ್ಲೇನ್ರಿ?" ಅಂತ ಕೇಳಿದರು. ಸೋದರಮಾವ ಕಳಿಸುವುದಿಲ್ಲ ಅಂದುಬಿಟ್ಟರೆ? ಅವಳಿಗೇ ಬೇಡವಾಗಿದ್ದರೆ? ಆ ದಿನ ತಿರುಗಿ ನೋಡಲಿಲ್ಲವಲ್ಲ...

8 ಆಗಸ್ಟ್, ಗುರುವಾರ, ಪೋಸ್ಟಾಫೀಸಿನ ಕಟ್ಟೆಯ ಮೇಲೆ

ತಂತಿ! ಸೋದರಮಾವನ ಹೆಸರಿಲ್ಲ, ಅವಳದೇ ಹೆಸರು. ಅವಳೇ ಕೊಟ್ಟಿದ್ದಾಳೆ! ಮೂರು ಸಲ ಓದಿದೆ, ಪೋಸ್ಟ್‌ಮಾಸ್ಟರಿಗೂ ಓದಿ ಹೇಳಿದೆ, ಅವರು ಆಗಲೇ ಓದಿದ್ದರು. ಬರುತ್ತಿದ್ದಾಳೆ. ಭಾನುವಾರ, ಹುಬ್ಬಳ್ಳಿಯಿಂದ ಬೆಳಗಿನ ಪ್ಯಾಸೆಂಜರ್, ದಾವಣಗೆರೆ—